ಅಜ್ಜನ ತೋಪಿನ ಇಸವಿ

ವಿಜಯಶ್ರೀಗೆ ತಂಗಿಯ ಮೇಲೆ ಹೊಟ್ಟೆಕಿಚ್ಚಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ತಂಗಿ ಗುರುದೇವಿಗೆ ಸಾಫ್ಟ್‌ವೇರ್ ನೌಕರಿ, ಅದೇ ನೌಕರಿಯ ಗಂಡ, ಹೈದರಾಬಾದಿನ ಕೊಂಡಾಪುರದಲ್ಲಿ ಲಿಫ್ಟ್ ಇರುವ ಫ್ಲ್ಯಾಟು, ಬಿಳಿ ಸ್ಯಾಂಟ್ರೋ ಕಾರು. ಅವನ್ನೆಲ್ಲ ವಿಜಯಶ್ರೀ ಹೇಗೋ ನುಂಗಿಕೊಂಡಿದ್ದಳು. ಅದೇ ಊರಿನ ಕುಷಾಯಿಗೂಡದ ತನ್ನ ಸಣ್ಣ ಮನೆಯಲ್ಲಿ ಅವಳಿಗೆ ಕೊರತೆಯೇನೂ ಇರಲಿಲ್ಲ. ಆದರೆ ಅಪ್ಪ ಸಾಯುವ ಮುಂಚೆ ಅಜ್ಜನ ತೋಪನ್ನೂ ತಂಗಿಗೇ ಕೊಟ್ಟದ್ದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಅದು ಕೆಳಗೂ ಇಳಿಯಲಿಲ್ಲ, ಹೊರಗೂ ಬರಲಿಲ್ಲ.

ತೋಪು ಎಂದರೆ ಇಡೀ ತೋಪೇನಲ್ಲ. ಗುಂಡು ಹಾರಿಹೋದ ಮೇಲೆ ಉಳಿಯುವ ಖಾಲಿ ಹಿತ್ತಾಳೆ ಕವಚ, ಗೇಣಿಗಿಂತ ತುಸು ಎತ್ತರ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಗಡಿಗೆ ಹೋಗಿದ್ದ ಅಜ್ಜ ಒಂದು ಕಿವಿ ಕಿವುಡಾಗಿ, ನಲವತ್ನಾಲ್ಕರಲ್ಲಿ ಊರಿಗೆ ಮರಳುವಾಗ ಇದನ್ನು ಕಂಬಳಿಯಲ್ಲಿ ಸುತ್ತಿ ತಂದಿದ್ದ. ಕುಷ್ಟಗಿ ಕಡೆಯ ಆ ಮನೆಯಲ್ಲಿ ಮಹಾನವಮಿಯ ಆಯುಧ ಪೂಜೆಗೆ ಕುಡಗೋಲು, ಕೊಡಲಿಗಳ ನಡುವೆ ಇದೂ ವಿಭೂತಿ ಹಚ್ಚಿಸಿಕೊಂಡು ಕೂತಿತು. ಆಗಿನಿಂದ ಒಂದು ಪದ್ಧತಿ ಬೆಳೆಯಿತು. ತೋಪು ಯಾರ ಮನೆಯಲ್ಲಿದೆಯೋ ಆ ಮನೆಗೇ ಮಹಾನವಮಿಯಂದು ಇಡೀ ಬಳಗ ಹೋಗಿ ಉಣ್ಣಬೇಕು. ಮಾತು ಬಿಟ್ಟವರೂ ಅವತ್ತು ಬರಲೇಬೇಕು. ಅಪ್ಪ ಮೌನಪ್ಪ ಹೈದರಾಬಾದಿಗೆ ಬಂದು ನಾಚಾರಂನ ಕಾರ್ಖಾನೆ ಸೇರಿದ. ಅವನ ಬೆನ್ನು ಹಿಡಿದು ಬಳಗದವರೂ ಒಬ್ಬೊಬ್ಬರಾಗಿ ಕೆಲಸ ಹುಡುಕಿಕೊಂಡು ಬಂದರು, ಪದ್ಧತಿಯೂ ಅವರ ಜೊತೆಗೇ ಬಂತು.

ಅಂದರೆ ಈ ವರ್ಷ ಎಲ್ಲರೂ ಕೊಂಡಾಪುರಕ್ಕೆ ಹೋಗಬೇಕು! ಗುರುದೇವಿ ಆಫೀಸಿನಲ್ಲಿ ಮೆಚ್ಚಿದ ಮೈಸೂರಿನ ಗಗನನನ್ನು ಮದುವೆಯಾದಾಗ, ‘ನಮ್ಮ ಪೈಕಿ ಅಲ್ಲ’ ಎಂದು ಇದೇ ಬಳಗ ಅಕ್ಷತೆಗೂ ಹೋಗಿರಲಿಲ್ಲ, ಮುಂದೆ ಗೃಹಪ್ರವೇಶಕ್ಕೂ ಹೋಗಿರಲಿಲ್ಲ. ಈಗ ತೋಪಿನ ಹೆಸರಿನಲ್ಲಿ ಹೋಗದೆ ವಿಧಿಯಿಲ್ಲ. ಕಾಕಿ, ಅತ್ತೆಯರೆಲ್ಲ ಲಿಫ್ಟಿನಲ್ಲಿ ಮೇಲೇರಿ, ಹೊಳೆಯುವ ನೆಲ ನೋಡಿ ಬಾಯಿ ಬಿಡುವುದನ್ನು ವಿಜಯಶ್ರೀ ದಿನಾ ಮನಸ್ಸಿನಲ್ಲೇ ನೋಡಿ ನೋಡಿ ಬೇಯುತ್ತಿದ್ದಳು. ಅಪ್ಪನ ಕಾಯಿಲೆಯಲ್ಲಿ ಮಲಮೂತ್ರ ಬಳಿದವಳು ತಾನು, ಹಬ್ಬದ ಯಜಮಾನಿಕೆ ಅವಳಿಗೆ. ಯಾವ ನ್ಯಾಯ ಇದು?

ಹಬ್ಬ ಹತ್ತಿರ ಬಂದಾಗ ತಂಗಿಯ ಫೋನು ಬಂತು.

“ಅಕ್ಕಾ, ತೋಪಿನ ಕೆಳಗ ಒಂದು ಹಿತ್ತಾಳಿ ಪಟ್ಟಿ ಕೂಡಸೋಣು ಅನ್ನಾಕತ್ತಾನ ಗಗನ. ಅಜ್ಜನ ಹೆಸರು, ತೋಪಿನ ಇಸವಿ ಬರಸಬೇಕಂತ. ತಿರುಮಲಗಿರಿಯಾಗ ಮಿಲಿಟ್ರಿ ಸಾಮಾನು ಗುರುತು ಹಿಡಿಯೋ ರಿಟೈರ್ಡ್ ಸುಬೇದಾರ್ ಒಬ್ಬರು ಅದಾರ. ನೀನೂ ಬಾ. ತೋಪಿನ ತಳದ ನಂಬರ್ ನಿಮ್ಮಕ್ಕಗ ಗೊತ್ತೈತಿ ಅಂತ ಅಪ್ಪ ಹೇಳತಿದ್ದ.”

ಗೊತ್ತಿತ್ತು. ವಿಜಯಶ್ರೀ ಇಂಗ್ಲಿಷ್ ಅಂಕಿ ಕಲಿತದ್ದೇ ತೋಪಿನ ತಳದಲ್ಲಿ. ಅಪ್ಪ ಅವಳ ಬೆರಳು ಹಿಡಿದು ಹಿತ್ತಾಳೆಯಲ್ಲಿ ಕೊರೆದ ಗೆರೆಗಳ ಮೇಲೆ ಆಡಿಸಿ, ಒಂದು, ಒಂಬತ್ತು, ನಾಲ್ಕು, ಮೂರು ಎಂದು ಹೇಳಿಸುತ್ತಿದ್ದ. ಗುರುದೇವಿ ಅಂಕಿ ಕಲಿಯುವ ಹೊತ್ತಿಗೆ ಆ ಗೆರೆಗಳೇ ಉಳಿದಿರಲಿಲ್ಲ. ಅದಕ್ಕೂ ಅಪ್ಪನೇ ಕಾರಣ. ಹುಣಸೆಹಣ್ಣಿನ ಹೊಳಪು ಅವನಿಗೆ ಸಾಲದು. ಪ್ರತಿ ಮಹಾನವಮಿಗೆ ಮುಂಚೆ ತೋಪನ್ನು ಚೀಲದಲ್ಲಿ ಹಾಕಿಕೊಂಡು ಕಾರ್ಖಾನೆಗೆ ಒಯ್ದು, ಪಾಲಿಶ್ ಮಾಡುವ ಗಾಲಿಗೆ ಹಿಡಿದು ಕನ್ನಡಿ ಮಾಡಿ ತರುತ್ತಿದ್ದ. ದೇವರಿಗೆ ಹೊಳಪು ಬಂತು, ಇಸವಿ ಹೋಯಿತು.

ಸುಬೇದಾರ್ ವಿಠಲರಾವ್ ಬೆಳಗಾವಿ ಕಡೆಯವರು. ಸೈನ್ಯದ ಮದ್ದುಗುಂಡಿನ ಉಗ್ರಾಣದಲ್ಲಿ ನೌಕರಿ ಮಾಡಿದವರು. ಅವರ ಪಡಸಾಲೆಯ ತುಂಬ ಶಿರಸ್ತ್ರಾಣ, ನೀರಿನ ಬಾಟಲಿ, ಪದಕಗಳೇ. ಗಗನ ಮಖಮಲ್ ಬಟ್ಟೆ ಹಾಸಿದ ಪೆಟ್ಟಿಗೆಯಿಂದ ತೋಪನ್ನು ಕೂಸಿನಂತೆ ಎತ್ತಿ ಮೇಜಿನ ಮೇಲಿಟ್ಟ. ಅವರು ಅದನ್ನು ಬೋರಲು ಹಾಕಿ, ಭೂತಗನ್ನಡಿ ಹಿಡಿದು, ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ಬಹಳ ಹೊತ್ತು ನೋಡಿದರು.

“ಇಲ್ಲಿ ಬಾಣದ ಗುರುತೈತಿ ನೋಡ್ರಿ, ಬ್ರಿಟಿಷ್ ಸರಕಾರದ್ದು ಅಂತ ಅರ್ಥ. ಇಪ್ಪತ್ತೈದು ಪೌಂಡರ್, ಅಂದ್ರ ಇಪ್ಪತ್ತೈದು ಪೌಂಡಿನ ಗುಂಡು ಹಾರಸೋ ತೋಪಿಂದು, ಅದರಾಗ ಅನುಮಾನ ಇಲ್ಲ. ಇಸವಿ... ಒಂದು, ಒಂಬತ್ತು, ನಾಲ್ಕು. ಕಡೀ ಅಂಕಿ ಸವದು ಹೋಗೇತಿ. ಯಾರ್ರಿ ಇದನ್ನ ಗಾಲಿಗೆ ಹಿಡದವರು?”

“ನಮ್ಮಪ್ಪಾರ್ರಿ,” ಎಂದಳು ಗುರುದೇವಿ.

“ಕಡೀ ಅಂಕಿಯ ಕೆಳಗಿನ ಹೊಟ್ಟಿ ಅಷ್ಟ ಉಳದೈತಿ. ಮೂರೂ ಇರಬಹುದು, ಐದೂ ಇರಬಹುದು. ನಿಮ್ಮಜ್ಜಾರು ಊರಿಗೆ ಬಂದಿದ್ದು ಯಾವಾಗ?”

“ನಲವತ್ನಾಲ್ಕರಾಗ್ರಿ.”

“ಹಂಗಾರ ಮೂರಿದ್ರ ಅವರು ತಂದಿದ್ದು ಖರೆ. ಐದಿದ್ರ ಇಲ್ರಿ. ಅವರು ಮನಿಗೆ ಬಂದ ಮರುವರ್ಷ ತಯಾರಾದ ಮಾಲು ಅವರ ಕೈಗೆ ಲಡಾಯ್ದಾಗ ಹೆಂಗ ಸಿಗತೈತಿ? ಆಮ್ಯಾಲೆ ಯಾವುದರ ಗುಜರಿಯಾಗ ತಗೊಂಡಿರಬೇಕು.”

ಗುರುದೇವಿ ನಗುತ್ತ ಅಕ್ಕನ ಕಡೆ ತಿರುಗಿದಳು. “ಅಕ್ಕಾ, ನೀನ ಹೇಳು. ಕಡೀ ಅಂಕಿ ಯಾವುದಿತ್ತು?”

ನಿಜ ಹೇಳಲೆಂದೇ ವಿಜಯಶ್ರೀ ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಪಾಪದ ಗಗನ ಉರಿಯುವ ಬೆಂಕಿಗೆ ತುಪ್ಪ ಸುರಿದ. “ಹಾಲ್‌ನಲ್ಲಿ ಇದಕ್ಕೇ ಅಂತ ಗಾಜಿನ ಶೋಕೇಸ್ ಮಾಡಿಸಿದೀವಿ, ಅಕ್ಕ. ಒಳಗೆ ಲೈಟ್ ಕೂಡ ಇದೆ. ಬಂದವರಿಗೆಲ್ಲ ಮೊದಲು ಅದೇ ಕಾಣ್ಬೇಕು.”

“ಐದು,” ಎಂದಳು ವಿಜಯಶ್ರೀ.

“ಖಾತ್ರಿ ಏನ್ರಿ?” ಎಂದು ಸುಬೇದಾರರು ಕನ್ನಡಕದ ಮೇಲಿಂದ ನೋಡಿದರು. ಉತ್ತರ ಕೊಟ್ಟವಳು ಗುರುದೇವಿ. “ಅಕ್ಕ ಹೇಳಿದ್ಮ್ಯಾಲೆ ಖಾತ್ರೀನ್ರಿ.” ಅವಳ ಮುಖ ಮಾತ್ರ ಬಾಡಿತ್ತು. ಕುಷಾಯಿಗೂಡದಲ್ಲಿ ಅಕ್ಕ ಕಾರಿನಿಂದ ಇಳಿಯುವಾಗ ಅವಳು ಮೆಲ್ಲಗೆ, “ಅಜ್ಜ ಅಷ್ಟು ದೊಡ್ಡ ಸುಳ್ಳು ಯಾಕ ಹೇಳಿದ್ನಕ್ಕಾ?” ಎಂದಳು. ವಿಜಯಶ್ರೀ ಕೇಳಿಸದವಳಂತೆ ಮನೆ ಸೇರಿದಳು. ಅವತ್ತು ಅವಳಿಗೆ ಊಟ ರುಚಿಸಿತು, ನಿದ್ದೆಯೂ ಚೆನ್ನಾಗಿ ಬಂತು. ಗೆದ್ದವರಿಗೆ ಹಾಗೆಯೇ.

ಸುದ್ದಿಗೆ ಕಾಲು ಬೇಕೆ? ಅಪ್ಪನ ತಮ್ಮ ಲಿಂಗಣ್ಣ ಕಾಕಾನ ಕಿವಿಗೆ ಬಿದ್ದರೆ ಸಾಕು, ಮೆಹದಿಪಟ್ಟಣಂವರೆಗಿನ ಬಳಗಕ್ಕೆಲ್ಲ ಬಿದ್ದಂತೆ. ಅವನ ಕಿವಿಗೆ ಹಾಕಿದವಳು ವಿಜಯಶ್ರೀಯೇ. ಗುಜರಿ ಡಬ್ಬಿಯ ಸಲುವಾಗಿ ಕೊಂಡಾಪುರಕ್ಕೆ ಯಾಕೆ ಹೋಗಬೇಕು, ಹಿರಿಯ ಮಗಳ ಮನೆ ಇಲ್ಲವೇ ಎಂದು ಕಾಕಾನೇ ತೀರ್ಮಾನ ಕೊಟ್ಟ.

ಮಹಾನವಮಿಯ ದಿನ ಕುಷಾಯಿಗೂಡದ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ವಿಜಯಶ್ರೀ ಹೊಸ ಇಳಕಲ್ ಸೀರೆ ಉಟ್ಟು, ಬೆವರು ಒರೆಸಿಕೊಳ್ಳುತ್ತ ಹೋಳಿಗೆ ಬೇಯಿಸುತ್ತಿದ್ದಳು. ಆಗ ಗುರುದೇವಿ ಒಬ್ಬಳೇ ಮೆಟ್ಟಿಲು ಹತ್ತಿ ಬಂದಳು. ಗಗನ ಕೆಳಗೆ ಕಾರಿನಲ್ಲೇ ಉಳಿದಿದ್ದ. ಮಖಮಲ್ ಪೆಟ್ಟಿಗೆ ಇರಲಿಲ್ಲ, ತೋಪು ಪ್ಲಾಸ್ಟಿಕ್ ಚೀಲದಲ್ಲಿತ್ತು. ಅವಳು ಅದನ್ನು ಪೂಜೆಯ ಮಣೆಯ ಪಕ್ಕದಲ್ಲಿಟ್ಟಳು. ಕೂಡ್ರು ಎಂದು ಬಳಗದವರು ಒಬ್ಬರೂ ಅನ್ನಲಿಲ್ಲ.

ಅವಳು ಅಡುಗೆಮನೆಯ ಬಾಗಿಲಿಗೆ ಬಂದಳು. “ತೋಪು ನೀನ ಇಟ್ಕೋ ಅಕ್ಕಾ. ನಮ್ಮಲ್ಲಿದ್ರ ಇನ್ನ ಉಪಯೋಗಿಲ್ಲ.”

“ಯಾಕ? ಶೋಕೇಸ್ ಮಾಡಿಸಿದ್ರೆಲ್ಲಾ?” ಎಂದಳು ವಿಜಯಶ್ರೀ. ಮಾತಿನಲ್ಲಿ ಇನ್ನೂ ಮುಳ್ಳಿತ್ತು.

“ಅಪ್ಪ ಅದನ್ನ ನನಗ ಯಾಕ ಕೊಟ್ಟ ಗೊತ್ತೇನು? ‘ವಿಜಿ ಮನಿಗೆ ಕರೀದಿದ್ರೂ ಮಂದಿ ಬರತಾರ. ನಿನ್ನ ಮನಿಗೆ ಕರದ್ರೂ ಬರಾಂಗಿಲ್ಲ. ತೋಪು ನಿನ್ನಲ್ಲಿದ್ರ ವರ್ಷಕ್ಕೊಮ್ಮೆ ಆದ್ರೂ ಬರತಾರವಾ’ ಅಂದಿದ್ದ. ಹೊಸ ಮನಿ ಆದಾಗಿಂದ ನಮ್ಮವರು ಒಬ್ಬರೂ ಹೊಸ್ತಿಲು ದಾಟಿಲ್ಲಕ್ಕಾ.” ಅವಳು ಮೂಗು ಒರೆಸಿಕೊಂಡಳು. “ಅವರ ಊಟಕ್ಕಂತ ಮೂವತ್ತು ತಾಟು ಕೊಂಡು ತಂದಿದ್ದೆ. ಇರ್ಲಿ ಬಿಡು. ಬರತೀನಿ.”

ಹಂಚಿನ ಮೇಲಿನ ಹೋಳಿಗೆ ಹೊತ್ತಿತು. ತಾನು ಕಿತ್ತುಕೊಂಡದ್ದು ತಂಗಿಯ ಮೆರವಣಿಗೆಯನ್ನಲ್ಲ, ಅಪ್ಪ ಸಾಯುವ ಮುಂಚೆ ಅವಳಿಗಾಗಿ ತೆರೆದಿಟ್ಟಿದ್ದ ಒಂದೇ ಒಂದು ಬಾಗಿಲನ್ನು ಎಂದು ಆಗ ವಿಜಯಶ್ರೀಗೆ ತಿಳಿಯಿತು. ಅವಳು ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಓಡಿ ಬಂದಳು.

“ಮೂರು! ಕಡೀ ಅಂಕಿ ಮೂರ ಇತ್ತು. ಐದು ಅಂತ ನಾ ಸುಳ್ಳು ಹೇಳೀನಿ. ಅಜ್ಜ ಖರೇನ ತಂದಿದ್ದ. ನಡೀರಿ, ಎಲ್ಲಾರೂ ಗುರು ಮನಿಗೆ ಹೋಗೂಣು.”

ಲಿಂಗಣ್ಣ ಕಾಕಾ ಹೊಟ್ಟೆ ಹಿಡಿದು ನಕ್ಕ.

“ತಂಗಿ ಮನ್ಯಾಗಿದ್ದಾಗ ಐದು, ನಿನ್ನ ಮನಿಗೆ ಬಂದ ಕೂಡ್ಲೆ ಮೂರಾತೇನವಾ? ಭಾಳ ಶ್ಯಾಣ್ಯಾ ಅದಿ!”

ಮನೆಯೆಲ್ಲ ನಕ್ಕಿತು. “ಅಪ್ಪನಾಣಿ ಮಾಡಿ ಹೇಳತೀನಿ ಕಾಕಾ,” ಎಂದಳು ವಿಜಯಶ್ರೀ. “ಆಣಿ ಯಾಕ ಮಾಡತಿ? ತೋಪು ನಿನಗ ಬಂತಲ್ಲ, ಇಸವಿ ನಿನಗ ಬೇಕಾದ್ದು ಬರಸ್ಕೋ,” ಎಂದ ಕಾಕಾ. ಮತ್ತೆ ನಗು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಇಲ್ಲಿ ಎರಡೂ ಒಟ್ಟಿಗೇ ಹೋಗಿದ್ದವು.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಗುರುದೇವಿ ಹಿಂದಿರುಗಿ ಬಂದಳು. ಅವಳಾದರೂ ನಂಬುತ್ತಾಳೆ ಎಂದು ವಿಜಯಶ್ರೀ ಅವಳ ಎರಡೂ ಕೈ ಹಿಡಿದುಕೊಂಡಳು. ಗುರುದೇವಿಯ ಕಣ್ಣು ತುಂಬಿ ಬಂದವು, ತುಟಿಯ ಮೇಲೆ ನಗುವೂ ಇತ್ತು.

“ನನ್ನ ಸಮಾಧಾನಕ್ಕ ಇಷ್ಟು ಮಂದಿ ಮುಂದ ಸುಳ್ಳು ಹೇಳಬ್ಯಾಡಕ್ಕಾ. ಗುರು ಮನಿಗೆ ಹೋಗೂಣು ಅಂದೆಲ್ಲ, ಅಷ್ಟ ಸಾಕು.”

ಅವಳು ಕೈ ಬಿಡಿಸಿಕೊಂಡು ಮೆಟ್ಟಿಲಿಳಿದಳು. ಕೆಳಗೆ ಕಾರು ಶುರುವಾಯಿತು. ಒಳಗಿನಿಂದ ಲಿಂಗಣ್ಣ ಕಾಕಾ ಹೋಳಿಗೆಗೆ ತುಪ್ಪ ಕೇಳುತ್ತಿದ್ದ.