ಹಾಲು ಕರೆಯುವ ಅಂಗಿ

"ಒಂದು ಮೊಲೆ ಹೋದ ಹಸೂನ ನನ್ನ ಕೊಟ್ಟಿಗೇಲಿ ಒಂದು ದಿನಾನೂ ಇಟ್ಕೊಳ್ಳಲ್ಲ ನಾನು. ನಿಮ್ಮವ್ವನ್ನ ಇಟ್ಕೊಂಡಿದೀನಿ. ನೆನಪಿರ್ಲಿ."

ಧಣಿ ಇದನ್ನು ಹೇಳಿದ್ದು ನನಗೆ. ಅವ್ವ ಎರಡು ಮಾರು ಆಚೆ ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದಳು. ಕೇಳಿಸದಷ್ಟು ದೂರವೇನಲ್ಲ. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಬೆನ್ನಿನಲ್ಲಿ ಏನೂ ಬದಲಾಗಲಿಲ್ಲ.

"ಇನ್ನೊಂದ್ಸಲ ತೊಳಿಯೇ. ಪುಡಿ ಹಾಕಿ ತೊಳಿ. ನಿನ್ನ ಮೈಗೆ ಬಿಟ್ಟಿರೋ ವಿಷ ನನ್ನ ಹಾಲಿಗೆ ಇಳಿದೀತು."

ಪುಡಿ ಎಂದರೆ ಕೊಟ್ಟಿಗೆಯ ಗಚ್ಚು ಉಜ್ಜುವ ಬ್ಲೀಚಿಂಗ್ ಪುಡಿ. ಆಸ್ಪತ್ರೆಯಲ್ಲಿ ಹಾಕುವ ಔಷಧಿಯಿಂದ ಅವ್ವನ ಅಂಗೈ ಮೊದಲೇ ಬಿರುಕು ಬಿಟ್ಟಿತ್ತು. ಪುಡಿ ಬಿದ್ದಾಗ ಅವಳು ಹಲ್ಲು ಕಚ್ಚಿದಳು. ಆಮೇಲೆ ಎರಡೂ ಕೈ ಎತ್ತಿ ತೋರಿಸಿದಳು.

"ತೊಳೆದೆ ಧಣಿ. ಇನ್ನೂ ತೊಳೆದ್ರೆ ಕೈಯೇ ಕರಗಿ ಹೋಗುತ್ತೆ. ಆಮೇಲೆ ನೀವೇ ಕುಕ್ಕರಗಾಲಲ್ಲಿ ಕೂತು ಕರೀಬೇಕಾಗುತ್ತೆ."

"ಬಾಯಿಗೆ ಮಾತ್ರ ರೋಗ ಬಂದಿಲ್ಲ ಈ ಬೋಳಿಮಗಳಿಗೆ."

"ಬೋಳಿಮಗಳಲ್ಲ ಧಣಿ," ಅವ್ವ ತಲೆಗೆ ಸುತ್ತಿದ ಬಟ್ಟೆ ಬಿಗಿ ಮಾಡಿಕೊಂಡಳು. "ಈಗ ನಾನೇ ಬೋಳಿ."

ಅವ್ವ ಮುಟ್ಟಿದ ಹಾಲು ಧಣಿಯ ಅಡುಗೆಮನೆಗೆ ಹೋಗುವುದಿಲ್ಲ. ಅಮ್ಮಾವ್ರು, ಎಂದರೆ ಧಣಿಯ ಹೆಂಡತಿ, ಅದನ್ನು ಕಾಯಿಲೆ ಗೊತ್ತಾದ ದಿನವೇ ಹೇಳಿಬಿಟ್ಟಿದ್ದರು. ಮನೆಗೆ ಯಂತ್ರದಲ್ಲಿ ಕರೆದ ಹಾಲು. ಅವ್ವ ಕರೆದದ್ದು ಕ್ಯಾನಿಗೆ, ಕ್ಯಾನು ವ್ಯಾನಿಗೆ, ವ್ಯಾನು ಪಟ್ಟಣಕ್ಕೆ.

ಕೊಟ್ಟಿಗೆಯ ಉಳಿದ ಹಸುಗಳೆಲ್ಲ ಯಂತ್ರಕ್ಕೆ ಒಗ್ಗಿದ್ದವು. ಬಿಳಿಮೂತಿ ಮಾತ್ರ ಒಗ್ಗಲಿಲ್ಲ. ಎಲ್ಲಕ್ಕಿಂತ ಹೆಚ್ಚು ಹಾಲು ಕೊಡುವುದು ಅದೇ. ಯಂತ್ರ ಹಚ್ಚಿದರೆ ಒದ್ದು ಬೀಳಿಸುತ್ತದೆ. ಬೇರೆಯವರು ಕೂತರೆ ಇಳಿದ ಹಾಲನ್ನೂ ಮೇಲಕ್ಕೆ ಎಳೆದುಕೊಳ್ಳುತ್ತದೆ. ಅವ್ವ ಅದನ್ನು ಕರುವಿನಿಂದ ಸಾಕಿದವಳು. ಹಿಂಡಿ ಮೂಟೆ ಇಡುವ ಕೋಣೆಯ ಹಿಂದೆ, ಒಂದು ಗೋಡೆ ತಗಡಿನದೇ ಆದ ಗೂಡೊಂದನ್ನು ಧಣಿ ನಮಗೆ ಬಿಟ್ಟುಕೊಟ್ಟಿದ್ದು ಬಿಳಿಮೂತಿಯ ಕಾರಣಕ್ಕೆ. ಅಪ್ಪ ಸತ್ತ ಮೇಲೆ ನಮಗಿದ್ದದ್ದು ಆ ಗೂಡು ಒಂದೇ. ಕರು ಹಿಡಿದುಕೊಳ್ಳಲು ಒಂದು ಜೊತೆ ಕೈ ಬೇಕಿತ್ತು, ಹಾಗಾಗಿ ನಾನು ಶಾಲೆ ಬಿಟ್ಟೆ. ನನಗೆ ಮಾತು ಕಡಿಮೆ. ಧಣಿಯ ಮನೆಯಲ್ಲಿ ನನ್ನ ಹೆಸರು ಮೂಗಿ.

ಕೆಲಸ ಹೀಗೆ. ಮೊದಲು ಕರು ಬಿಡಬೇಕು. ಅದು ನಾಲ್ಕು ಸಲ ಗುದ್ದಿ ಚೀಪಿದರೆ ತಾಯಿ ಹಾಲು ಇಳಿಸುತ್ತದೆ. ಬಾಯಿಯ ಅಂಚಿನಲ್ಲಿ ನೊರೆ ಕಂಡ ಕೂಡಲೇ ನಾನು ಹಗ್ಗ ಎಳೆದು ಕರುವನ್ನು ತಾಯಿಯ ಮುಖದ ಹತ್ತಿರ ಹಿಡಿದುಕೊಳ್ಳಬೇಕು. ತಾಯಿ ಅದನ್ನು ನೆಕ್ಕುತ್ತಾ ನಿಂತಿರುವಾಗ ಅವ್ವ ಕರೆದು ಮುಗಿಸುತ್ತಾಳೆ. ಈ ಸಲದ್ದು ಗಂಡುಗರು. ಗಂಡುಗರು ಕುಡಿದ ಹಾಲೂ ಚರಂಡಿಗೆ ಚೆಲ್ಲಿದ ಹಾಲೂ ಒಂದೇ ಎಂದು ಧಣಿ ಹೇಳುತ್ತಿದ್ದ. ಕೆಚ್ಚಲಿನಲ್ಲಿ ಏನೂ ಬಿಡಕೂಡದು. ಕರುವಿನ ಪಕ್ಕೆಲುಬು ನಾನು ಹಗ್ಗ ಹಿಡಿದಾಗಲೆಲ್ಲ ನನ್ನ ಮೊಣಕಾಲಿಗೆ ತಾಗುತ್ತಿತ್ತು.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಹಾಕುವ ಕೋಣೆಯಲ್ಲಿ ರೆಕ್ಸಿನ್ ಹರಿದ ಕುರ್ಚಿಗಳು ಸಾಲಾಗಿದ್ದವು. ಒಂದೊಂದು ಕುರ್ಚಿಗೆ ಒಂದೊಂದು ಬಾಟಲಿ. ಹನಿ ಇಳಿಯುವಷ್ಟು ಹೊತ್ತೂ ಅವ್ವ ತನ್ನ ಬೆರಳುಗಳನ್ನು ಮಡಿಸಿ ಬಿಡಿಸಿ ನೋಡುತ್ತಿದ್ದಳು.

"ಬೆರಳು ಸತ್ತಂಗಿದೆ ಸಿಸ್ಟರ್. ಮುಟ್ಟಿದ್ದು ಬಿಸಿನೋ ತಣ್ಣಗೋ ಗೊತ್ತಾಗಲ್ಲ."

"ಔಷಧಿದು ಅದು. ಕೆಲವರಿಗೆ ಹೋಗುತ್ತೆ, ಕೆಲವರಿಗೆ ಹಾಗೇ ಉಳಿಯುತ್ತೆ."

"ನಾನು ಹಾಲು ಕರೆಯೋಳು."

"ರೆಸ್ಟ್ ತಗೊಳ್ಳಮ್ಮ."

"ಹಸೂಗೆ ಹೇಳಿ ನೋಡ್ತೀನಿ," ಎಂದಳು ಅವ್ವ. ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡಿದ್ದ ಮುದುಕ ನಕ್ಕುಬಿಟ್ಟ.

ಹೊರಡುವಾಗ ನರ್ಸು ಮುಂದಿನ ತಾರೀಕು ಬರೆದುಕೊಟ್ಟು, ನನ್ನ ಕಡೆ ತಿರುಗಿದಳು. "ಹೋದ ಸಲ ರಕ್ತ ಕಡಿಮೆ ಅಂತ ನಾವೇ ಮುಂದಕ್ಕೆ ಹಾಕಿದ್ವಿ. ಮತ್ತೆ ತಪ್ಪಿದ್ರೆ ಇಷ್ಟು ದಿನ ಮಾಡಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದಂಗೆ. ಆಮೇಲೆ ಬಂದು ನಮ್ಮನ್ನ ಕೇಳಬೇಡಿ. ಗೊತ್ತಾಯ್ತಾ?"

ನಾನು ತಲೆಯಾಡಿಸಿದೆ.

ಬೆರಳಿಗೆ ಗೊತ್ತಾಗದಿದ್ದರೆ ಕಣ್ಣಿದೆ. ಅವ್ವ ಹಸುವಿನ ಮೊಲೆಯ ಮೇಲೆ ಕಣ್ಣಿಟ್ಟು, ಬೆರಳು ಎಲ್ಲಿ ಕೂತಿದೆ ಎಂದು ನೋಡಿಕೊಂಡೇ ಕರೆಯುವುದನ್ನು ಕಲಿತಳು. ಆದರೆ ವಾಸನೆಗೆ ಏನು ಮಾಡುವುದು? ಇಂಜೆಕ್ಷನ್ ಶುರುವಾದ ಮೇಲೆ ಅವ್ವನ ಬೆವರೇ ಬೇರೆಯಾಗಿತ್ತು. ಪಕ್ಕದಲ್ಲಿ ಮಲಗುವ ನನಗೆ ಅದು ಗೊತ್ತಿತ್ತು. ಬಿಸಿಲಿಗೆ ಕಾದ ತಗಡಿನಂಥ ವಾಸನೆ. ಬಿಳಿಮೂತಿ ಅವಳನ್ನು ಮೂಸಿ, ಬುಸುಗುಟ್ಟಿ, ಕಾಲು ಎತ್ತಿತು. ತಾನು ಸಾಕಿದ ಹಸುವಿಗೆ ತಾನು ಯಾರೋ ಆಗಿಬಿಟ್ಟೆ ಎಂದು ಅವ್ವನಿಗೆ ತಿಳಿದದ್ದು ಆಗ.

ಉಪಾಯ ಅವಳಿಗೇ ಹೊಳೆಯಿತು. ಕಾಯಿಲೆಗೆ ಮುಂಚೆ ಅವ್ವ ಹಾಲು ಕರೆಯಲು ಕೂರುವಾಗ ಮೈಮೇಲೆ ಅಪ್ಪನ ಹಳೆಯ ಅಂಗಿ ಹಾಕಿಕೊಳ್ಳುತ್ತಿದ್ದಳು. ಎದೆಯ ಆಪರೇಷನ್ ಆದ ಮೇಲೆ ತೊಳೆದ ಬಟ್ಟೆಯನ್ನೇ ಹಾಕಬೇಕು ಎಂದು ಆಸ್ಪತ್ರೆಯವರು ಹೇಳಿದ್ದರಿಂದ ಅದು ಹಾಗೆಯೇ ಮೊಳೆಗೆ ನೇತಾಡುತ್ತಿತ್ತು, ಒಗೆಯದೆ. ಅವ್ವ ಅದನ್ನು ತೊಟ್ಟುಕೊಂಡು ಹೋದಳು. ಬಿಳಿಮೂತಿ ಅಂಗಿಯ ತೋಳನ್ನು ತುಂಬಾ ಹೊತ್ತು ಮೂಸಿತು. ಆಮೇಲೆ ಕಾಲು ಅಗಲಿಸಿ ನಿಂತು ಹಾಲು ಇಳಿಸಿತು.

"ನೋಡೇ, ನಿಮ್ಮಪ್ಪ ಸತ್ತ ಮೇಲಾದ್ರೂ ಒಂದು ಉಪಯೋಗಕ್ಕೆ ಬಂದ," ಎಂದಳು ಅವ್ವ, ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡು.

ಆ ಅಂಗಿ ನಾನೂ ತೊಟ್ಟು ನೋಡಿದ್ದೆ. ಒದೆ ತಿಂದೆ. ಅಂಗಿ ಅವಳದು, ಕೈ ನನ್ನದು ಎಂದು ಅದಕ್ಕೆ ತಿಳಿಯಿತು.

ಬಿಳಿಮೂತಿಯನ್ನು ಮಾರುತ್ತಾರೆ ಎಂಬ ಸುದ್ದಿ ನಮಗೆ ಹೇಳಿದ್ದು ವ್ಯಾನಿನವನು. ಅವನಿಗೆ ನಾವು ಗಡಗಡೆ ಎನ್ನುತ್ತಿದ್ದೆವು. ಅವನ ವ್ಯಾನಿಗೂ ಬಾಯಿಗೂ ನಿಲುಗಡೆ ಇರಲಿಲ್ಲ. ಆಸ್ಪತ್ರೆಗೆ ಹೋಗುವ ದಿನ ಕ್ಯಾನುಗಳ ನಡುವೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೋಗುತ್ತಿದ್ದವನು ಅವನೇ.

ಗಿರಾಕಿ ಬರುತ್ತಾನೆಂದು ಹಿಂದಿನ ದಿನ ಎಲ್ಲವನ್ನೂ ತೊಳೆಸಿದರು. ಅವ್ವ ಕೊಟ್ಟಿಗೆಯಲ್ಲಿ ಗಚ್ಚು ಉಜ್ಜುತ್ತಿದ್ದಳು. ಅಮ್ಮಾವ್ರು ಮೂಗಿಗೆ ಬಟ್ಟೆ ಹಿಡಿದುಕೊಂಡು ನಮ್ಮ ಗೂಡಿನ ಬಾಗಿಲಿಗೆ ಬಂದರು. ಅವರು ಅಲ್ಲಿಗೆ ಬಂದದ್ದು ಅದೇ ಮೊದಲು.

"ಥೂ! ಇದೇನೇ ಹೆಣದ ವಾಸನೆ?"

ಮೊಳೆಯಲ್ಲಿದ್ದ ಅಂಗಿಯನ್ನು ಕೋಲಿನ ತುದಿಯಿಂದ ಎತ್ತಿದರು. ಅಂಗಳದ ಒಲೆಯ ಮೇಲೆ, ಕ್ಯಾನು ತೊಳೆಯಲು ಸೋಡಾ ಹಾಕಿದ ನೀರು ಹಂಡೆಯಲ್ಲಿ ಕುದಿಯುತ್ತಿತ್ತು.

"ಅಮ್ಮಾವ್ರೆ, ಅದು ಬೇಡ," ಎಂದೆ ನಾನು.

ಅವರು ಕೋಲು ಹಿಡಿದುಕೊಂಡೇ ತಿರುಗಿದರು. "ಅಯ್ಯೋ! ಮೂಗಿ ಬಾಯಿ ಬಿಟ್ಟಳು ನೋಡ್ರಿ!"

"ಅದು ಹಾಲು ಕರೆಯೋ ಅಂಗಿ. ಒಗೀಬಾರದು."

"ಈ ಗಬ್ಬು ಹಾಕ್ಕೊಂಡು ನಮ್ಮ ಹಸು ಮುಟ್ಟೋದಾ? ಥೂ ನಿಮ್ಮ ಜನ್ಮಕ್ಕೆ." ಅಂಗಿ ಹಂಡೆಗೆ ಬಿತ್ತು. ಗಾಳಿ ತುಂಬಿ ಒಂದು ಸಲ ಮೇಲೆದ್ದಿತು. ಕೋಲಿನಿಂದ ಒತ್ತಿ ಮುಳುಗಿಸಿದರು.

ಸಂಜೆ ಅವ್ವ ಒದ್ದೆ ಅಂಗಿಯನ್ನು ಮುಖಕ್ಕೆ ಹಿಡಿದು ಮೂಸಿದಳು. ಇನ್ನೊಂದು ಸಲ, ಕಂಕುಳ ಹತ್ತಿರ ಮೂಸಿದಳು.

"ಬರೀ ಸೋಡಾ," ಎಂದಳು. "ನಿಮ್ಮಪ್ಪನೂ ಹೋದ, ನಾನೂ ಹೋದೆ."

ಗಿರಾಕಿ ಬರುವ ದಿನವೇ ಇಂಜೆಕ್ಷನ್ನಿನ ದಿನ. ಬೆಳಿಗ್ಗೆ ನಾವು ಆಸ್ಪತ್ರೆಯ ಚೀಲ ಹಿಡಿದು ವ್ಯಾನಿನ ಹತ್ತಿರ ನಿಂತಾಗ ಧಣಿ ಹಲ್ಲುಜ್ಜುತ್ತಾ ಹೊರಗೆ ಬಂದ.

"ಸವಾರಿ ಎಲ್ಲಿಗೆ?"

"ಇವತ್ತು ಇಂಜೆಕ್ಷನ್ ಧಣಿ. ಮೊದಲೇ ಹೇಳಿದ್ನಲ್ಲ."

"ಗಿರಾಕಿ ಎರಡು ಹೊತ್ತೂ ನಿಂತು ನೋಡ್ತಾನಂತೆ ಹಾಲು. ನಾಳೆ ಹೋಗು."

"ನಾಳೆ ಹಾಕಲ್ಲ ಅಲ್ಲಿ. ಇದು ತಪ್ಪಿದ್ರೆ ನಾನು ಉಳಿಯಲ್ಲ ಅಂದಿದಾರೆ."

ಧಣಿ ನೊರೆ ಉಗಿದ. "ಸಾಯೋಳಿಗೆ ಇವತ್ತೇನು, ನಾಳೆಯೇನು? ಹೋಗೋದಾದ್ರೆ ಗಂಟುಮೂಟೆ ಕಟ್ಕೊಂಡೇ ಹೋಗು. ತಿರುಗಿ ಬರಬೇಡ."

ಗಡಗಡೆ ತಲೆ ಹೊರಗೆ ಹಾಕಿದ. "ಧಣಿ, ನಾನೇ ಸಂಜೆಯೊಳಗೆ ಕರ್ಕೊಂಡು..."

"ಹತ್ತಿಸ್ಕೋ. ನಾಳೆಯಿಂದ ನನ್ನ ಕ್ಯಾನು ಇನ್ನೊಬ್ಬನ ವ್ಯಾನಿಗೆ."

ಗಡಗಡೆ ಅವ್ವನನ್ನು ನೋಡಿದ. ಆಮೇಲೆ ಮುಂದಿನ ಗಾಜನ್ನು ನೋಡಿದ. ವ್ಯಾನು ಚಾಲೂ ಮಾಡಿದ. ವ್ಯಾನು ಹೋದ ಮೇಲೂ ನಾವು ಅಲ್ಲೇ ನಿಂತಿದ್ದೆವು. ಅವ್ವ ಚೀಲ ನನ್ನ ಕೈಗಿತ್ತು, "ಒಳಗಿಡು," ಎಂದಳು.

ಅಂಗಿ ಇನ್ನೂ ಹಸಿಯಾಗಿತ್ತು. ಅದನ್ನೇ ತೊಟ್ಟುಕೊಂಡು ಕೂತಳು. ಬಿಳಿಮೂತಿ ತೋಳು ಮೂಸಿತು. ತಲೆ ಕೊಡವಿತು. ಮತ್ತೆ ಮೂಸಿತು. ಏನನ್ನೋ ಹುಡುಕುತ್ತಿರುವಂತೆ ಕೊರಳಪಟ್ಟಿಯವರೆಗೂ ಮೂತಿ ತಂದಿತು. ಅವ್ವ ಮೊಲೆಗೆ ಕೈ ಹಾಕಿದಳು. ಒದೆ ಬಿದ್ದದ್ದು ಹೊಲಿಗೆ ಹಾಕಿದ ಮಗ್ಗುಲಿಗೇ. ಬಕೆಟ್ಟು ಉರುಳಿಕೊಂಡು ಚರಂಡಿಯವರೆಗೆ ಹೋಯಿತು. ಅವ್ವ ಬಿದ್ದಲ್ಲೇ ಬಾಯಿ ತೆರೆದುಕೊಂಡಿದ್ದಳು. ಉಸಿರೂ ಬರಲಿಲ್ಲ, ಅಳುವೂ ಬರಲಿಲ್ಲ.

ಧಣಿ ನೀರಿನ ಪೈಪು ತೆಗೆದುಕೊಂಡು ಹಸುವಿಗೆ ಬಾರಿಸಿದ. ಆಮೇಲೆ ಅದು ನನಗೂ ಹಾಲು ಕೊಡಲಿಲ್ಲ, ಯಾರಿಗೂ ಕೊಡಲಿಲ್ಲ. ಕರುವನ್ನು ಧಣಿ ಮತ್ತೆ ಹತ್ತಿರ ಬಿಡಗೊಡಲಿಲ್ಲ. ಅದೃಷ್ಟಕ್ಕೆ ಗಿರಾಕಿಯ ಗಾಡಿ ದಾರಿಯಲ್ಲಿ ಕೆಟ್ಟಿತ್ತು. ಸಂಜೆಗೆ ಬರುತ್ತೇನೆ ಎಂದು ಫೋನು ಬಂತು.

ಮಧ್ಯಾಹ್ನ ಅವ್ವ ಗೋಡೆ ಹಿಡಿದುಕೊಂಡು ಅಂಗಳಕ್ಕೆ ಹೋದಳು. ನಾನು ಹಿಂದೆ ಹೋದೆ.

"ಧಣಿ, ಒಂದು ಮಾತು. ಬಿಳಿಮೂತಿ ಹೋದ ಮೇಲೆ ನಮಗೆ ಆ ಗೂಡು ಇರುತ್ತಲ್ಲ?"

ಧಣಿ ಉಣ್ಣುತ್ತಿದ್ದ. "ಗೂಡು ಹಸೂಗೆ ಅಂತ ಕೊಟ್ಟಿದ್ದು ಕಣೇ. ನಿನಗಲ್ಲ. ಯಂತ್ರ ನೋಡ್ಕೊಳ್ಳೋನು ಬರ್ತಾನೆ, ಅವನಿಗೆ ಬೇಕು. ಸಂಜೆ ಒಂದು ಹೊತ್ತು ಮರ್ಯಾದೆಯಾಗಿ ಕರೆದುಕೊಡು. ಎರಡು ದಿನ ಬಿಟ್ಟು ಖಾಲಿ ಮಾಡಿದ್ರೂ ನಾನೇನೂ ಅನ್ನಲ್ಲ."

"ಹಂಗಾದ್ರೆ ನಾನು ಇವತ್ತು ಹೋಗಬಹುದಿತ್ತು," ಎಂದಳು ಅವ್ವ.

"ಎಲ್ಲಿಗೆ?"

ಅವ್ವ ಗೋಡೆ ಹಿಡಿದುಕೊಂಡು ಹಿಂದಿರುಗಿದಳು.

ಗಿರಾಕಿ ಬಂದಾಗ ಬಿಳಿಮೂತಿಯ ಕೆಚ್ಚಲು ಕಲ್ಲಾಗಿತ್ತು. ಎರಡು ಹೊತ್ತಿನ ಹಾಲು ಕಟ್ಟಿ, ನರಗಳು ಹೊರಗೆ ಎದ್ದಿದ್ದವು. ಅದು ಕಾಲು ಎತ್ತಿಟ್ಟಾಗಲೆಲ್ಲ ನರಳುತ್ತಿತ್ತು. ಗಿರಾಕಿ ಪಾಲಿಶ್ ಮಾಡಿದ ಬೂಟು ಕೊಳೆಯಾಗದಂತೆ ಗಚ್ಚಿನ ಅಂಚಿನಲ್ಲಿ ನಿಂತು, "ಕೆಚ್ಚಲೇನೋ ಚೆನ್ನಾಗಿದೆ. ಬಕೆಟ್ಟಲ್ಲಿ ತೋರಿಸಿ," ಎಂದ.

"ಈಗ ನೋಡಿ," ಎಂದ ಧಣಿ. "ಬಿಡೇ ಕರೂನ."

ನಾನು ಕರು ಬಿಟ್ಟೆ. ಅದು ಓಡಿಹೋಗಿ ಬಾಯಿ ಹಾಕಿ ಗುದ್ದಿತು. ಬಿಳಿಮೂತಿ ಕಣ್ಣು ಅರೆ ಮುಚ್ಚಿತು. ಬೆಳಿಗ್ಗೆಯಿಂದ ಕಟ್ಟಿಕೊಂಡಿದ್ದದ್ದೆಲ್ಲ ಇಳಿಯುವುದು ಹೊರಗಿನಿಂದಲೇ ಕಾಣುತ್ತಿತ್ತು. ಕರುವಿನ ಬಾಯಂಚಿನಲ್ಲಿ ನೊರೆ ಬಂತು. ನಾನು ಹಗ್ಗ ಬಿಗಿ ಮಾಡಿದೆ.

"ಇಲ್ಲಿ ಕೊಡು," ಎಂದಳು ಕೆಚ್ಚಲ ಪಕ್ಕ ಬಕೆಟ್ಟು ಇಟ್ಟುಕೊಂಡು ಕೂತಿದ್ದ ಅವ್ವ.

ಹಗ್ಗ ಯಾವತ್ತೂ ಅವಳು ಹಿಡಿಯುವುದಿಲ್ಲ. ನಾನು ಅವಳ ಮುಖ ನೋಡಿದೆ. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಗ್ಗ ತೆಗೆದುಕೊಂಡಳು. "ಯಾರಾದ್ರೂ ಕೇಳಿದ್ರೆ, ನಮ್ಮವ್ವನ ಕೈಲಿತ್ತು ಅನ್ನು," ಎಂದಳು ನನಗಷ್ಟೇ ಕೇಳುವಂತೆ.

ಆಮೇಲೆ ಅವಳು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬೆರಳು ಅರ್ಧ ಮಡಿಸಿಯೇ ಇದ್ದವು. ಹಗ್ಗ ಅವುಗಳ ನಡುವಿನಿಂದ ಮೆಲ್ಲಗೆ ಜಾರಿ, ಗಚ್ಚಿನ ಮೇಲೆ ಬಿದ್ದಿತು.

"ಎಳಿಯೇ ಅದನ್ನ, ಸಾಕು!" ಎಂದ ಧಣಿ.

ಅವ್ವ ತನ್ನ ಕೈ ನೋಡಿಕೊಂಡಳು. "ಅಯ್ಯೋ, ಹಗ್ಗ ಬಿದ್ದೋಯ್ತಲ್ಲ ಧಣಿ. ಇನ್ನೂ ಕೈಲೇ ಇದೆ ಅಂದ್ಕೊಂಡಿದ್ದೆ. ಬೆರಳಿಗೆ ಗೊತ್ತಾಗಲ್ಲ."

ಕರು ಗಟಗಟ ಕುಡಿಯುತ್ತಿತ್ತು. ಹಾಲು ಅದರ ಗದ್ದದಿಂದ ಸೋರಿ ಗಚ್ಚಿನ ಮೇಲೆ ಬೀಳುತ್ತಿತ್ತು. ಅಷ್ಟು ಹಾಲು ಒಂದೇ ಸಲ ಅದರ ಹೊಟ್ಟೆ ಕಂಡದ್ದಿಲ್ಲ.

"ಅವ್ವ, ಇಷ್ಟು ಕುಡಿದ್ರೆ ಭೇದಿ ಹತ್ತಿ ಸಾಯುತ್ತೆ," ಎಂದೆ ಮೆಲ್ಲಗೆ.

"ಹಸಿದು ಸಾಯೋದು ಇದ್ದೇ ಇತ್ತಲ್ಲ," ಎಂದಳು. "ಕುಡೀಲಿ."

ಧಣಿ ಎರಡು ಹೆಜ್ಜೆ ಮುಂದೆ ಬಂದ. ಬಿಳಿಮೂತಿ ಅವನ ಕಡೆ ತಿರುಗಿ ಕೊಂಬು ತಗ್ಗಿಸಿತು. ಬೆನ್ನ ಮೇಲೆ ಪೈಪಿನ ಬಾಸುಂಡೆ ಇನ್ನೂ ಎದ್ದು ಕಾಣುತ್ತಿತ್ತು. ಅವನು ನಿಂತ.

"ಬೇವರ್ಸಿ ಮುಂಡೆ! ಬೇಕಂತಲೇ ಬಿಟ್ಟೆ! ಈಗಲೇ ಆಚೆ ಹಾಕ್ತೀನಿ ಇಬ್ಬರನ್ನೂ!"

"ಹಾಕಿ," ಎಂದಳು ಅವ್ವ. ಮಗ್ಗುಲನ್ನು ಒತ್ತಿ ಹಿಡಿದುಕೊಂಡಿದ್ದಳು. ಹಸಿ ಅಂಗಿಯ ಆ ಜಾಗದಲ್ಲಿ ಕೆಂಪು ಮೂಡಿತ್ತು.

ಗಿರಾಕಿ ಗಡಿಯಾರ ನೋಡಿಕೊಂಡ. "ನನಗೆ ಇದೆಲ್ಲ ಬೇಡ ಸ್ವಾಮಿ," ಎಂದು ಗಾಡಿಯ ಕಡೆ ತಿರುಗಿದ.

"ಸ್ವಲ್ಪ ನಿಲ್ಲಿ, ಅರ್ಧ ಇದೆ ಇನ್ನೂ! ಏ ಮೂಗಿ! ಕಣ್ಣು ಕಾಣಲ್ವಾ? ನಿನ್ನ ಕೈಗೇನು ಬಂದಿದೆ ರೋಗ? ಹಿಡಿಯೇ ಹಗ್ಗ!"

ಹಗ್ಗ ನನ್ನ ಪಾದದ ಹತ್ತಿರವೇ ಬಿದ್ದಿತ್ತು. ಬಗ್ಗಿದರೆ ಸಿಗುತ್ತಿತ್ತು. ನನ್ನ ಬೆರಳುಗಳಿಗೆ ಎಲ್ಲವೂ ಗೊತ್ತಾಗುತ್ತದೆ.

ನಾನು ಕೈ ಕಟ್ಟಿಕೊಂಡು ನಿಂತೆ.

ಕರು ಬರಿದಾದ ಮೊಲೆ ಬಿಟ್ಟು ಪಕ್ಕದ್ದಕ್ಕೆ ಬಾಯಿ ಹಾಕಿತು.