ಪಿಂಫಾಳ ಬೆಂಕಿಗೆ ಕಟ್ಟಿಗೆ

ಬುವಾವನ್ ಅಜ್ಜಿ ಬಗ್ಗಿ, ಕಂಬಗಳ ಮೇಲೆ ನಿಂತ ಖಮ್ಲಾನ ಮನೆಯ ಕೆಳಗೆ ಕಣ್ಣು ಹಾಯಿಸಿದಳು. ಕಂಬಗಳ ನಡುವೆ ಕೋಳಿಗಳು ಮಣ್ಣು ಕೆದಕುತ್ತಿದ್ದವು. ಮೂಲೆಯಲ್ಲೊಂದು ಹಳೆಯ ಮಗ್ಗ. ಕಟ್ಟಿಗೆ ಮಾತ್ರ ಒಂದು ತುಂಡೂ ಇರಲಿಲ್ಲ.

"ಖಮ್ಲಾ, ಮಗಳಿಗೆ ದಿನ ತುಂಬ್ತಾ ಬಂತಲ್ಲೋ. ಬೆಂಕಿಗೆ ಏನು ಮಾಡ್ದೆ?"

ಖಮ್ಲಾ ಹರಿದ ಬಲೆ ಹೊಲಿಯುತ್ತಿದ್ದ. ತಲೆ ಎತ್ತಲಿಲ್ಲ. "ಕಟ್ಟಿಗೆ ತರೋದು ಮಗೂನ ಅಪ್ಪನ ಕೆಲಸ. ಹೋಗಿ ಅವನನ್ನೇ ಕೇಳು."

ಆ ಹುಡುಗನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಸುದ್ದಿ ತಿಳಿದ ವಾರದಲ್ಲೇ ಅವನ ಮನೆಯವರು ಅವನನ್ನು ಮೆಕಾಂಗ್ ನದಿ ದಾಟಿಸಿ ಯಾವುದೋ ಪಟ್ಟಣದಲ್ಲಿ ಕೆಲಸಕ್ಕೆ ಬಿಟ್ಟು ಬಂದಿದ್ದರು. ಪಿಂಫಾಳಿಗೆ ಹದಿನಾರು, ತಾಯಿ ಇಲ್ಲ. ಹೊಟ್ಟೆ ಕಾಣತೊಡಗಿದಂದಿನಿಂದ ಖಮ್ಲಾ ಮಗಳ ಜೊತೆ ಮಾತು ಬಿಟ್ಟಿದ್ದ. ಅವಳು ಇಟ್ಟ ಅನ್ನ ತಿನ್ನುತ್ತಿದ್ದ, ಅಷ್ಟೆ.

ಹೆತ್ತವಳು ಬೆಂಕಿಯ ಪಕ್ಕದ ಮಂಚದಲ್ಲಿ ಮಲಗಿ, ಮೈ ಕಾಯಿಸಿಕೊಂಡು ಎದ್ದರೇನೇ ಆ ಊರಿನಲ್ಲಿ ಬಾಣಂತನ ಮುಗಿದಂತೆ. ಬೆಂಕಿ ಕಾಣದೆ ಎದ್ದವಳನ್ನು ಅರೆಬೆಂದವಳೆಂಬಂತೆ ನೋಡುತ್ತಿದ್ದರು. ಅವಳ ಕೂಸನ್ನೂ.

ಅಜ್ಜಿ ಏಣಿಯ ಬುಡಕ್ಕೆ ಬಂದು ಮೇಲೆ ಕೂತಿದ್ದ ಹುಡುಗಿಗೆ ಮೆಲ್ಲಗೆ ಹೇಳಿದಳು, "ನಮ್ಮನೇಗೆ ಬಾರೇ ಮಗಳೇ. ಅಲ್ಲೇ ಹೆರುವಿಯಂತೆ."

"ಬೇಡ ಅಜ್ಜಿ. ಅಪ್ಪ ಹೋಗು ಅಂದ್ರೆ ಬರ್ತೀನಿ. ಇನ್ನೂ ಅಂದಿಲ್ವಲ್ಲ."

ಮರುದಿನ ಬೆಳಗ್ಗೆ ಹೆಂಗಸರು ದಾರಿಯ ಬದಿಯಲ್ಲಿ ಸಾಲಾಗಿ ಮೊಣಕಾಲೂರಿ ಕೂತು, ಭಿಕ್ಷುಗಳ ಪಾತ್ರೆಗೆ ಬಿಸಿ ಅನ್ನದ ಉಂಡೆ ಹಾಕಿ ಕೈಮುಗಿದರು. ಕಾವಿ ಬಟ್ಟೆಗಳು ತಿರುವಿನಲ್ಲಿ ಮರೆಯಾದ ಮೇಲೆ ಅಜ್ಜಿ ಪಿಂಫಾಳ ಕಟ್ಟಿಗೆಯ ಮಾತು ತೆಗೆದಳು.

"ಒಂದು ಹೊರೆ ನನ್ ಗಂಡನ ಕೈಲಿ ಕಳಿಸ್ತೀನಿ," ಎಂದಳು ಮನಿವೋನ್.

"ಕಳಿಸು, ಕಳಿಸು. ಮಗು ಹುಟ್ಟಿದ್ಮೇಲೆ ನಿನ್ ಗಂಡನ ಮೂಗೇ ಬಂದಿದೆ ಅಂತ ನೋಡೋಕೆ ಬರ್ತೀವಿ," ಎಂದಳು ಪಕ್ಕದವಳು.

ಸಾಲಿಗೆ ಸಾಲೇ ಕಿಸಕ್ಕನೆ ನಕ್ಕಿತು. ಕಟ್ಟಿಗೆ ತಂದವನೇ ಕೂಸಿನ ಅಪ್ಪ ಎನ್ನುವ ಊರು ಅದು. ಮರುಕ ಇದ್ದ ಗಂಡಸರೂ ಅದಕ್ಕೇ ಆ ಮನೆಯ ಮುಂದೆ ಬೇರೆಲ್ಲೋ ನೋಡುತ್ತ ನಡೆದುಬಿಡುತ್ತಿದ್ದರು.

ನಗು ಇಳಿದ ಮೇಲೆ ಅಜ್ಜಿ ಕೇಳಿದಳು, "ಒಬ್ಬ ತಂದ್ರೆ ತಾನೇ ಮೂಗು ನೋಡೋದು? ಊರಿನ ಅಷ್ಟೂ ಗಂಡಸರು ತಂದ್ರೆ ಯಾರ ಮೂಗು ಅಂತ ಹುಡುಕ್ತೀರೇ?"

ಹುಣ್ಣಿಮೆಯ ದಿನ ವಿಹಾರದಲ್ಲಿ ಪಠಣ ಮುಗಿಯಿತು. ಗಂಡಸರು ಅಲ್ಲಿಂದಲೇ ಖಮ್ಲಾನ ಮನೆಯತ್ತ ಹೊರಟರು. ಹೆಗಲ ಮೇಲೆ ಹೊರೆಗಳು. ಎಲ್ಲರಿಗಿಂತ ಮುಂದೆ ಬೆನ್ನು ಬಾಗಿದ ಮುದುಕನೊಬ್ಬ ಒಂದೇ ಒಂದು ಕೊಂಬೆ ಎಳೆದುಕೊಂಡು ಬರುತ್ತಿದ್ದ. "ಈ ವಯಸ್ಸಲ್ಲಿ ನನ್ನ ಮೇಲೂ ಅನುಮಾನ ಬಂದ್ರೆ, ಅದೂ ನನ್ ಪುಣ್ಯ ಅಂದ್ಕೋತೀನಿ!"

ಖಮ್ಲಾ ಬಂದು ಬೇಲಿಯ ಬಾಗಿಲಿಗೆ ಅಡ್ಡ ನಿಂತ. ನಗು ನಿಂತಿತು.

"ಯಾರು ಹೇಳಿದ್ದು ನಿಮಗೆ?"

ಯಾರೂ ಹೊರೆ ಇಳಿಸಲಿಲ್ಲ. ಯಜಮಾನ ಬೇಡವೆಂದರೆ ಅವನ ಅಂಗಳಕ್ಕೆ ಕಾಲಿಡುವಂತಿಲ್ಲ. ಮೇಲೆ ಪಿಂಫಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ಖಮ್ಲಾ ಒಂದೊಂದೇ ಹೊರೆಯನ್ನು ನೋಡುತ್ತ ಹೋದ. ಮನಿವೋನ್‌ಳ ಗಂಡನ ಮುಂದೆ ನಿಂತವನು ಥಟ್ಟನೆ ಅವನ ಹೊರೆಯಿಂದ ಒಂದು ಕೊಂಬೆ ಹಿರಿದ. ಕಡಿದ ಕಡೆ ಬಿಳಿ ಹಾಲು ಜಿನುಗುತ್ತಿತ್ತು.

"ಇದೇನಯ್ಯಾ ತಂದಿದ್ದೀಯ? ಹಸಿ ಹಾಲುಮರ! ಇದರ ಹೊಗೆಗೆ ಕೂಸಿನ ಕಣ್ಣು ಉಳಿಯುತ್ತಾ?" ಕೊಂಬೆಯನ್ನು ದಾರಿಯಾಚೆ ಎಸೆದು, ಬಾಗಿಲಿನಿಂದ ಪಕ್ಕಕ್ಕೆ ಸರಿದ. "ಮಿಕ್ಕಿದ್ದು ಅಲ್ಲಿ ಒಟ್ಟಿ. ಇರಚಲು ಬೀಳದ ಕಡೆ."

"ಅಬ್ಬಾ, ನನ್ ಗಂಡನ ಮೂಗು ಉಳೀತು!" ಎಂದು ಗಂಡಸರ ಹಿಂದೆಯೇ ಬಂದಿದ್ದ ಮನಿವೋನ್ ಕೂಗಿದಳು. ಗಂಡಸರು ನಗುತ್ತ ಒಳಗೆ ನಡೆದರು.

ಎಲ್ಲರೂ ಹೋದ ಮೇಲೆ ಖಮ್ಲಾ ದಪ್ಪ ದಿಮ್ಮಿಯೊಂದನ್ನು ನಿಲ್ಲಿಸಿ ಕೊಡಲಿಯಿಂದ ಸೀಳತೊಡಗಿದ. ಪಿಂಫಾ ಒಂದು ಕೈಯಲ್ಲಿ ಏಣಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿದಳು. ಇನ್ನೊಂದು ಕೈಯಲ್ಲಿದ್ದ ನೀರಿನ ಚಿಪ್ಪನ್ನು ಅವನ ಹತ್ತಿರ ನೆಲದ ಮೇಲಿಟ್ಟು ಹಿಂದಕ್ಕೆ ಸರಿದು ನಿಂತಳು. ಅವನು ಇನ್ನೂ ಎರಡು ಏಟು ಹಾಕಿದ. ಆಮೇಲೆ ಕೂತು ಕುಡಿದ. ಉಳಿದ ನೀರನ್ನು, ಸಡಿಲವಾಗಿದ್ದ ಮರದ ಹಿಡಿ ನೆನೆದು ಬಿಗಿಯಾಗಲೆಂದು, ಅದು ಕೂರುವ ಕೊಡಲಿಯ ತೂತಿಗೆ ಸ್ವಲ್ಪ ಸ್ವಲ್ಪವಾಗಿ ಸುರಿದ.