ಗಂಗೆಗೆ ಬಿಟ್ಟ ಅವರೆಕಾಯಿ

ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ಹಣ್ಣನ್ನೂ ಒಂದು ತರಕಾರಿಯನ್ನೂ ಗಂಗೆಯಲ್ಲಿ ಬಿಟ್ಟು ಬರಬೇಕು, ಆಮೇಲೆ ಬದುಕಿರುವ ತನಕ ಅದನ್ನು ಬಾಯಿಗಿಡಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಇಷ್ಟವಾದದ್ದನ್ನೇ ಬಿಡಿ ಎಂದು ಯಾರೋ ಪುಣ್ಯಾತ್ಮರು ಹೇಳಿಟ್ಟರು, ನಮ್ಮ ಜನ ಅದಕ್ಕೂ ಒಂದು ಉಪಾಯ ಕಂಡುಕೊಂಡರು. ದೀಪಾವಳಿ ಕಳೆದ ಮೇಲೆ ಚನ್ನರಾಯಪಟ್ಟಣದಿಂದ ಹೊರಟ ಯಾತ್ರೆಯ ಗುಂಪಿನಲ್ಲಿ ಒಬ್ಬರು ಹಾಗಲಕಾಯಿ ಬಿಟ್ಟರು, ಇನ್ನೊಬ್ಬರು ಜನ್ಮದಲ್ಲೇ ತಿಂದಿರದ ಬ್ರೊಕೊಲಿ ಬಿಟ್ಟರು. ತೆಂಗಿನಕಾಯಿ ವ್ಯಾಪಾರದ ಕೆಂಪಣ್ಣ ಸೀಮೆಬದನೆಕಾಯಿ ಬಿಟ್ಟ. ಅದನ್ನು ಕಂಡರೇ ಅವನಿಗೆ ಆಗುತ್ತಿರಲಿಲ್ಲ. ಹೆಂಡತಿ ಸುಬ್ಬಮ್ಮನೂ ಅದನ್ನೇ ಬಿಡುವುದೆಂದು ರೈಲಿನಲ್ಲೇ ಗಂಡ ಹೆಂಡಿರ ನಡುವೆ ಮಾತಾಗಿತ್ತು.

ಆದರೆ ಮೊಣಕಾಲುದ್ದ ನೀರಿನಲ್ಲಿ ನಿಂತು, ಬೊಗಸೆ ಎತ್ತಿ, ಸುಬ್ಬಮ್ಮ ಅಂದದ್ದು "ಅವ್ರೆಕಾಯಿ" ಎಂದು.

ಕೆಂಪಣ್ಣ ತಿರುಗಿ ಅವಳನ್ನೇ ನೋಡಿದ. ಮೆಟ್ಟಿಲು ಹತ್ತುವಾಗ ಕೇಳಿಯೇಬಿಟ್ಟ. "ಅಲ್ಲ ಕಣೇ, ಸೀಮೆಬದ್ನೆ ಅಂತ ಮಾತಾಡ್ಕಂಡಿರ್ಲಿಲ್ವಾ?"

"ಬಾಯಿಗೆ ಬಂದ್ಬುಡ್ತು. ಏನ್ ಮಾಡಾದು," ಎಂದು ಸುಬ್ಬಮ್ಮ ಒದ್ದೆ ಸೆರಗು ಹಿಂಡಿಕೊಂಡು ಮುಂದೆ ನಡೆದಳು.

ಸುಬ್ಬಮ್ಮನಿಗೂ ಅವರೆಗೂ ಇದ್ದ ನಂಟು ಗೊತ್ತಿಲ್ಲದವರಿಗೆ ಇದು ದೊಡ್ಡ ಸಂಗತಿಯಲ್ಲ. ಮಂಜು ಬೀಳಲು ಶುರುವಾಗಿ ಅವರೆಗೆ ಸೊಗಡು ಏರಿತೆಂದರೆ ಸಂಕ್ರಾಂತಿ ಕಳೆಯುವವರೆಗೂ ಅವಳ ಅಡುಗೆಮನೆಗೆ ಬೇರೆ ತರಕಾರಿಯ ಪ್ರವೇಶವಿರಲಿಲ್ಲ. ಬೆಳಿಗ್ಗೆ ಕಾಳು ಹಾಕಿದ ಅಕ್ಕಿರೊಟ್ಟಿ, ಮಧ್ಯಾಹ್ನ ಮುದ್ದೆಗೆ ಹಿದುಕಿದ ಬೇಳೆ ಸಾರು, ಸಂಜೆ ಉಪ್ಪು ಹಾಕಿ ಬೇಯಿಸಿದ ಇಡೀ ಕಾಯಿ. ಕೊಳ್ಳುವ ಕೆಲಸ ಮಾತ್ರ ಕೆಂಪಣ್ಣನದು. ಮಾರುಕಟ್ಟೆಯಲ್ಲಿ ಗುಡ್ಡೆಯೊಳಗೆ ಕೈ ತೂರಿಸಿ, ಬೆರಳು ಮೂಸಿ ನೋಡುತ್ತಿದ್ದ. ಜಿಡ್ಡು ಹತ್ತಿ ಘಮ್ಮೆಂದರೆ ಸರಿ, ಇಲ್ಲದಿದ್ದರೆ ತಿರುಗಿಯೂ ನೋಡದೆ ಮುಂದಿನ ಗುಡ್ಡೆಗೆ ಹೋಗುತ್ತಿದ್ದ. ಈಗ ಅಂಗಡಿಗಳಲ್ಲಿ ಮಳೆಗಾಲಕ್ಕೂ ಅವರೆ ಸಿಗುತ್ತದೆ. ಸೊಗಡಿಲ್ಲದ ಅದನ್ನು ಸೊಸೆ ಮೇಘಶ್ರೀ ಒಮ್ಮೆ ತಂದಿದ್ದಾಗ, ಅತ್ತೆ ಅದನ್ನು ನೋಡಿದ ರೀತಿಗೆ ಆ ಹುಡುಗಿ ಮತ್ತೆಂದೂ ತರಲಿಲ್ಲ.

ಹೋದ ವರ್ಷ ಕೆಂಪಣ್ಣನಿಗೆ ಎದೆನೋವು ಬಂದು, ಮೈಸೂರಿನ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬರುವಷ್ಟರಲ್ಲಿ ಸೀಸನ್ನೇ ಮುಗಿದಿತ್ತು. ಹೋದ ವರ್ಷದ್ದನ್ನೂ ಈ ವರ್ಷ ಸೇರಿಸಿ ಉಣ್ಣಬೇಕೆಂದು ಕಾದಿದ್ದವನಿಗೆ ಹೆಂಡತಿ ಹೀಗೆ ಮಾಡಿದ್ದಳು. ಊರಿಗೆ ಬಂದವನೇ ಪರಿಚಯದ ಪುರೋಹಿತರನ್ನು ಹುಡುಕಿಕೊಂಡು ಹೋದ.

"ಬಾಯ್ತಪ್ಪಿ ಅಂದ್ಬುಟ್ಟವ್ಳೆ ಸ್ವಾಮಿ. ಬೇಕಾದ್ರೆ ನಾನೇ ಇನ್ನೊಂದ್ಸಲ ಕಾಶಿಗೋಗಿ ಬದ್ಲಾಯ್ಸ್ಕಂಡು ಬತ್ತೀನಿ."

"ಗಂಗೆ ಏನು ಬಟ್ಟೆ ಅಂಗಡಿಯೇ, ಗೌಡರೇ?" ಎಂದು ಅವರು ನಕ್ಕರು.

ಡಿಸೆಂಬರಿನ ಮಂಜು ಬಿತ್ತು. ಮಾರುಕಟ್ಟೆಯ ತುಂಬ ಅವರೆಯ ಗುಡ್ಡೆ, ಹೋಟೆಲಿನ ಬಾಗಿಲಲ್ಲೆಲ್ಲ ಅದರದೇ ವಾಸನೆ. ಕೆಂಪಣ್ಣ ಒಂದು ತೀರ್ಮಾನಕ್ಕೆ ಬಂದ. ಅವಳು ಉಣ್ಣದ್ದನ್ನು ತಾನೂ ಉಣ್ಣುವುದಿಲ್ಲ. ಅವಳ ಕಣ್ಣೆದುರು ಅವರೆ ತಂದು ಸುರಿದು ಹೊಟ್ಟೆ ಉರಿಸುವುದೂ ಇಲ್ಲ. ಈ ಮನೆಗೆ ಅವರೆ ಬರಕೂಡದು ಎಂದು ಮಗ ಸೊಸೆಗೆ ಹೇಳಿದ. ಗೆಣಸು ತಂದ, ಕಡಲೆಕಾಯಿ ತಂದ, ಎಳೆ ಹುರುಳಿಕಾಯಿ ತಂದ. ಇಷ್ಟು ದೊಡ್ಡ ತ್ಯಾಗ ಮಾಡುತ್ತಿದ್ದೇನೆಂದು ಒಳಗೊಳಗೇ ಬೀಗುತ್ತಲೂ ಇದ್ದ. ಬಾಯಿ ಬಿಟ್ಟು ಹೇಳದಿದ್ದರೂ ಹೆಂಡತಿಗೆ ಅರ್ಥವಾಗುತ್ತದೆಂದು ನಂಬಿದ್ದ.

ಸುಬ್ಬಮ್ಮನ ಮುಖ ಮಾತ್ರ ದಿನೇ ದಿನೇ ಗಂಟಾಗುತ್ತ ಹೋಯಿತು. ಚೀಲವನ್ನು ಬಗ್ಗಿ ನೋಡುವಳು, ಹುರುಳಿಕಾಯಿ ಕಂಡ ಕೂಡಲೇ ಪಕ್ಕಕ್ಕೆ ತಳ್ಳುವಳು. ಸಾರು ಬಡಿಸುವಾಗ ಸೌಟು ತಟ್ಟೆಗೆ ತಗುಲಿ ಠಣ್ ಎನ್ನುತ್ತಿತ್ತು. ಪಾಪ, ಆಸೆ ತಡೆಯಲಾಗುತ್ತಿಲ್ಲ ಎಂದುಕೊಂಡು ಕೆಂಪಣ್ಣ ಇನ್ನಷ್ಟು ಗೆಣಸು ತಂದ.

"ಮಾವ, ಅತ್ತೆಗೆ ತಿನ್ನಕ್ಕಾಗ್ತಿಲ್ಲ ಅಂತಲ್ಲ ಅನ್ಸುತ್ತೆ ಕೋಪ," ಎಂದು ಮೇಘಶ್ರೀ ಒಂದು ದಿನ ಮೆಲ್ಲಗೆ ಅಂದಳು. "ನಿಮ್ಮ ಮೇಲೇ ಇದೆ."

"ನನ್ ಮ್ಯಾಲ್ಯಾಕಮ್ಮ? ನಾನೂ ತಿಂತಾ ಇಲ್ವಲ್ಲ," ಎಂದ ಕೆಂಪಣ್ಣ.

ಸಂಕ್ರಾಂತಿ ಹತ್ತಿರವಾಯಿತು. ಅದು ಕಳೆದರೆ ಮಂಜು ಕರಗುತ್ತದೆ, ಸೊಗಡೂ ಹೋಗುತ್ತದೆ. ಹಬ್ಬದ ಹಿಂದಿನ ದಿನ ಕೆಂಪಣ್ಣ ತೆಂಗಿನಕಾಯಿ ಮಂಡಿಯಿಂದ ಮನೆಗೆ ಬಂದರೆ ಗೇಟಿನಲ್ಲೇ ಆ ವಾಸನೆ ಮೂಗಿಗೆ ಬಡಿಯಿತು. ಹಜಾರದ ನಡುವೆ ಅರ್ಧ ಮೂಟೆ ಅವರೆಕಾಯಿ ಸುರಿದುಕೊಂಡು ಸುಬ್ಬಮ್ಮ ಕಾಳು ಬಿಡಿಸುತ್ತ ಕೂತಿದ್ದಳು. ಬೆಳಿಗ್ಗೆಯೇ ಬಸ್ಸು ಹತ್ತಿ ಬಾಗೂರಿಗೆ ಹೋಗಿ, ಹೊಲದವರಿಂದಲೇ ಕೊಂಡು, ಆಟೋದಲ್ಲಿ ಹೇರಿಕೊಂಡು ಬಂದಿದ್ದಳು.

ಕೆಂಪಣ್ಣನಿಗೆ ರೇಗಿತು. "ಬುಟ್ಬುಟ್ ಬಂದಿದ್ನ ತಿರ್ಗಾ ಬಾಯ್ಗಾಕ್ತೀಯಾ? ಗಂಗಮ್ಮನ ಮುಂದೆ ಆಡಿದ್ ಮಾತ್ ಕಣೇ ಅದು."

"ನಂಗಲ್ಲ. ನಿಮ್ಗೆ."

"ನಂಗ್ ಬ್ಯಾಡ. ನೀನ್ ಉಣ್ದೆ ನಾನ್ ಉಣ್ಣಲ್ಲ."

ಸುಬ್ಬಮ್ಮ ಕೈಯಲ್ಲಿದ್ದ ಕಾಯನ್ನು ಗುಡ್ಡೆಗೆ ಎಸೆದಳು. ಅವಳ ಕಣ್ಣಲ್ಲಿ ನೀರಿತ್ತು. "ಓದ್ವರ್ಸ ಇದೇ ಟೈಮಲ್ಲಿ ನೀವು ಆಸ್ಪತ್ರೆ ಮಂಚದ್ ಮ್ಯಾಲಿದ್ರಿ. ಗೇಟ್ ತಾವ ಒಬ್ಳು ಅವ್ರೆಕಾಯಿ ಆಕ್ಕಂಡ್ ಕೂತಿದ್ಲು. ಆ ವಾಸ್ನೆ ಕುಡಿದು ಅಂದ್ಕಂಡೆ, ನಾನ್ ಜಲ್ಮದಲ್ ತಿನ್ನದಿದ್ರೂ ಚಿಂತಿಲ್ಲ, ಬರೋ ವರ್ಸ ಈ ಮನುಸ ಮನೇಲ್ ಕೂತು ಇದ್ನ ಉಣ್ಣಂಗಾಗ್ಲಿ ಅಂತ. ಬಾಯ್ಗ್ ಬಂದಿದ್ದಲ್ಲ, ಅರಕೆ ಅದು. ನೀವೂ ಉಣ್ಣಲ್ಲ ಅಂದ್ರೆ ನಾನ್ ಬುಟ್ಟಿದ್ದು ಯಾತಕ್ಕೆ?"

ಕೆಂಪಣ್ಣನಿಗೆ ಚಪ್ಪಲಿ ಬಿಡುವುದೂ ಮರೆತುಹೋಯಿತು. ಇಷ್ಟು ದಿನ ತನ್ನ ತ್ಯಾಗವೆಂದು ಬೀಗುತ್ತಿದ್ದದ್ದು ನೆನಪಾಗಿ ನಾಚಿಕೆಯಾಯಿತು. ಈ ಹೆಂಗಸು ತನ್ನನ್ನು ಇಷ್ಟು ಪ್ರೀತಿಸುತ್ತಾಳೆಂದು ಗೊತ್ತಾದದ್ದೂ ಈ ವಯಸ್ಸಿನಲ್ಲಿ.

"ಮೊದ್ಲೇ ಯೋಳಬಾರ್ದಿತ್ತಾ?" ಎಂದ.

"ಅರಕೆ ಕಟ್ಕಂಡು ಯಾರಾದ್ರೂ ಡಂಗುರ ಒಡೀತಾರಾ."

ಅವನು ಪಂಚೆ ಮೇಲೆತ್ತಿಕೊಂಡು ಅವಳೆದುರು ಕೂತ. ಕತ್ತಲಾಗುವ ಮೊದಲು ಕಾಳೆಲ್ಲ ಬಿಡಿಸಿ ನೀರಿಗೆ ಹಾಕಿದರು. ಹಬ್ಬದ ಬೆಳಿಗ್ಗೆ ಇಬ್ಬರೂ ಸೇರಿ, ನೆನೆದ ಕಾಳನ್ನು ಒಂದೊಂದಾಗಿ ಹಿದುಕಿ ಸಿಪ್ಪೆ ತೆಗೆದರು. ಅವನು ಹಿದುಕಿದ ಬೇಳೆ ಮೂರು ಸಲ ಚಿಮ್ಮಿ ಕಿಟಕಿಯ ತನಕ ಹೋಯಿತು. ಮೇಘಶ್ರೀ ನಗುತ್ತ ಹುಡುಕಿ ತಂದಳು.

ಮಧ್ಯಾಹ್ನ ಸುಬ್ಬಮ್ಮ ಗಂಡನಿಗೆ ಮುದ್ದೆ ಇಟ್ಟು, ನಡುವೆ ಗುಳಿ ಮಾಡಿ ಸಾರು ಬಿಟ್ಟಳು. ತಾನು ಮೊಸರನ್ನದ ತಟ್ಟೆ ಹಿಡಿದು ಎದುರಿಗೆ ಕೂತಳು. ಕೆಂಪಣ್ಣ ಒಂದು ತುತ್ತು ನುಂಗಿದ.

"ಎಂಗದೆ?"

"ಚೆನ್ನಾಗದೆ."

"ಅಷ್ಟಂದ್ರೆ ನಂಗೇನ್ ಗೊತ್ತಾಗ್ತದೆ? ಬುಡ್ಸಿ ಯೋಳಿ."

ಮದುವೆಯಾದಂದಿನಿಂದ ಉಂಡು ಕೈತೊಳೆದು ಎದ್ದು ಹೋಗುತ್ತಿದ್ದ ಮನುಷ್ಯ ಅವನು. ರುಚಿಯ ಬಗ್ಗೆ ಎರಡು ಮಾತು ಸೇರಿಸಿ ಆಡಿದವನಲ್ಲ. ಕಣ್ಣು ಮುಚ್ಚಿಕೊಂಡು ಯೋಚಿಸಿದ.

"ಬ್ಯಾಳೆ ನಾಲ್ಗೆ ಮ್ಯಾಲೇ ಕರಗ್ತದೆ. ಅಗಿಯಂಗೇ ಇಲ್ಲ. ಮೊದ್ಲು ಕಾರ ಗೊತ್ತಾಯ್ತದೆ, ಅದ್ರ ಇಂದೆ ಗಸಗಸೆ, ಕಾಯಿ. ನುಂಗಿದ್ಮ್ಯಾಲೆ ಸೊಗಡು ಬಂದು ಮೂಗಲ್ ನಿಂತ್ಕತದೆ."

"ಕಾರ ಮುಂದಾಯ್ತಾ?"

"ಒಂಚೂರು. ಆದ್ರೂ ಇರ್ಲಿ, ಈ ಚಳೀಗೆ ಸರ್ಯಾಗದೆ."

ಸುಬ್ಬಮ್ಮ ಮೊಸರನ್ನದ ತುತ್ತನ್ನು ಬಾಯಿಗಿಟ್ಟು ನಿಧಾನಕ್ಕೆ ಅಗಿದಳು.

"ಆಮ್ಯಾಲೆ?" ಎಂದು ಕೇಳಿದಳು.

ಕೆಂಪಣ್ಣ ಇನ್ನೊಂದು ತುತ್ತು ಮುರಿದುಕೊಂಡ.